ಬೆಂಕಿ ಕಾಣದ ಒಲೆ

ಜೂನ್ 9, 2014, ಸೋಮವಾರ. ನೆಲ್ಸನ್

ಬರೆದರೆ ಹಗುರಾಗುತ್ತೆ ಅಂತ ಹೆರಿಗೆ ಮಾಡಿಸಿದ ಮಿಡ್‌ವೈಫ್ ಜೋನ್ ಈ ಪುಸ್ತಕ ಕೊಟ್ಟು ಹೋಗಿದ್ದಾಳೆ. ಮುಖಪುಟದ ಮೇಲೆ ಹಕ್ಕಿ ಚಿತ್ರ ಬೇರೆ. ಅವಳಿಗೇನು, ಹೇಳ್ತಾಳೆ. ನನಗೆ ಹಗುರಾಗೋದು ಬೇಕಾಗಿಲ್ಲ. ಹೊಟ್ಟೆ ಹಗುರಾಗಿದ್ದೇ ಸಾಕಾಗಿದೆ.

ಅಮ್ಮ ನಿನ್ನೆ ಬಂದಿಳಿದಳು. ಬಾಣಂತನಕ್ಕೆ ಅಂತ ಮೊದಲೇ ತೆಗೆದಿಟ್ಟಿದ್ದ ಟಿಕೆಟ್ಟು. ಮಗು ಹೊಟ್ಟೆಯಲ್ಲೇ ಹೋಯ್ತಲ್ಲ, ಇನ್ನು ನೀವು ಯಾಕೆ ಅಷ್ಟು ದೂರ ಅಂತ ನನ್ನ ಗಂಡ ಸುಮುಖ ಫೋನಿನಲ್ಲಿ ಅಂದನಂತೆ. 'ಮಗು ಇಲ್ಲದಿದ್ದರೆ ನನ್ನ ಮಗಳು ಬಾಣಂತಿ ಅಲ್ವೇನಪ್ಪ? ಹೆತ್ತ ಮೈ ಹೆತ್ತ ಮೈಯೇ' ಅಂದಳಂತೆ. ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ಅವಳ ಬೇರು, ನಾರು, ಒಣಗಿದ ಸೊಪ್ಪು ಎಲ್ಲ ತೆಗೆದು ಕಸಕ್ಕೆ ಹಾಕಿದ್ದಾರೆ. ಹಳೇ ಸೀರೆ ಹರಿದು ಮೆತ್ತಗೆ ಒಗೆದು ಮಡಿಚಿದ ಬಟ್ಟೆ ಗಂಟು ಮಾತ್ರ ಬಿಟ್ಟಿದ್ದಾರೆ. ಮಗುವಿಗೆ ಅಂತ ಸುದ್ದಿ ಗೊತ್ತಾಗೋ ಮೊದಲೇ ಕಟ್ಟಿಟ್ಟಿದ್ದು. ಅದನ್ನ ಯಾಕೆ ತಂದೆ ಅಂತ ಕೇಳಬೇಕು ಅನ್ನಿಸ್ತು. ಕೇಳಲಿಲ್ಲ. ನಾನು ಅಮ್ಮನ ಜೊತೆ ಮಾತಾಡ್ತಿಲ್ಲ.

ಸುಮುಖ ಅವಳಿಗೆ ಬಾಯ್ಲರ್ ತೋರಿಸಿದ. ಈ ಮರದ ಮನೆ ಚಳಿಗಾಲದಲ್ಲಿ ಮಗುವಿಗೆ ಆಗಲ್ಲ ಅಂತ ನನಗೆ ಏಳನೇ ತಿಂಗಳಿದ್ದಾಗ ಹಾಕಿಸಿದ್ದು. ಲಾಂಡ್ರಿ ಕೋಣೆಯಲ್ಲಿ ಕಬ್ಬಿಣದ ಬೀರು ನಿಂತ ಹಾಗೆ ನಿಂತಿದೆ. ಮೇಲಿನ ಡಬ್ಬಕ್ಕೆ ಪೆಲೆಟ್ ಸುರಿದರೆ ಅದೇ ಎಳಕೊಂಡು ಉರಿಸುತ್ತೆ, ನೀರು ಕಾಯಿಸುತ್ತೆ, ಆ ನೀರು ಹರಿದು ಕೋಣೆ ಕೋಣೆಯ ರೇಡಿಯೇಟರ್ ಬೆಚ್ಚಗಾಗುತ್ತೆ. ಪೆಲೆಟ್ ಅಂದರೆ ಮರದ ಪುಡಿ ಒತ್ತಿ ಮಾಡಿದ ಚೂರು. 'ಹಸುವಿಗೆ ಹಾಕೋ ತಿಂಡಿ ಇದ್ದ ಹಾಗಿದೆಯಲ್ಲ' ಅಂದಳು ಅಮ್ಮ. ಬಾಯ್ಲರಿನ ಸುತ್ತ ನೋಡಿ, 'ಬೆಂಕಿ ಎಲ್ಲಿ?' ಅಂದಳು. 'ಒಳಗಿದೆ ಅತ್ತೆ, ಕಾಣಲ್ಲ.' 'ಬೆಂಕಿ ಕಾಣದ ಮೇಲೆ ಅದೆಂಥಾ ಒಲೆ' ಅಂದಳು. ಕೆಂಪು ದೀಪ ಬಂದರೆ ಯಾವ ಗುಂಡಿ ಒತ್ತಬೇಕು ಅಂತ ಮಾತ್ರ ಎರಡು ಸಲ ಕೇಳಿ ಕಲಿತುಕೊಂಡಳು.

ಜೂನ್ 11, ಬುಧವಾರ

ಯಾಕೆ ಮಾತಾಡ್ತಿಲ್ಲ ಅಂತ ಬರೆದೇ ಬಿಡ್ತೀನಿ. ಇದನ್ನ ಯಾರು ಓದಬೇಕು.

ಆವತ್ತು ಆಸ್ಪತ್ರೆಯಲ್ಲಿ ಜೋನ್ ಮಗಳನ್ನ ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ಎತ್ಕೋತೀಯಾ, ಮುಖ ನೋಡ್ತೀಯಾ ಅಂದಳು. ಇಲ್ಲಿಯವರು ನೋಡ್ತಾರಂತೆ, ಹೆಸರಿಡ್ತಾರಂತೆ, ಫೋಟೋ ತೆಗೆದು ಇಟ್ಕೋತಾರಂತೆ. ಮೈಸೂರಿಂದ ಅಮ್ಮ ಫೋನಿನಲ್ಲಿದ್ದಳು. 'ನೋಡಬೇಡ ಕಣೇ ಚಂದ್ರೀ. ನೋಡಿದರೆ ಜನ್ಮದಲ್ಲಿ ಮರೆಯೋಕಾಗಲ್ಲ. ಗೋಡೆ ಕಡೆ ತಿರುಗ್ಕೋ' ಅಂದಳು. ತಿರುಗಿಕೊಂಡೆ. ಎಂಜಿನಿಯರಿಂಗ್ ಓದಿ, ಸಮುದ್ರ ದಾಟಿ ಬಂದು ಸಂಸಾರ ಹೂಡಿದವಳು, ಅಮ್ಮ ಅಂದ ತಕ್ಷಣ ಸ್ಕೂಲ್ ಹುಡುಗಿ ಥರ ತಿರುಗಿಕೊಂಡೆ. ಸುಮುಖ ಎತ್ಕೊಂಡ. ಅವನ ಹೆಜ್ಜೆ ಕಿಟಕಿ ತನಕ ಹೋಗಿ ಬಂದದ್ದು ಕೇಳಿಸ್ತು. ಆಮೇಲೆ ಗುಡ್ಡದ ಮೇಲಿನ ಸ್ಮಶಾನಕ್ಕೂ ಅವನೇ ಒಯ್ದ. ಫೋಟೋ ಬೇಡ ಅಂತಲೂ ಅಮ್ಮನೇ ಹೇಳಿದ್ದು, ಅವನು ತೆಗೀಲಿಲ್ಲ.

ಈಗ ಮರೆಯೋಕೆ ನನ್ನ ಹತ್ತಿರ ಏನೂ ಇಲ್ಲ. ಮುಖವೇ ಗೊತ್ತಿಲ್ಲದವಳಿಗೆ ಅಳೋದು ಹೇಗೆ? ಸುಮುಖನನ್ನ ಕೇಳೋಣ ಅಂದರೆ ಬಾಯಿ ಬರಲ್ಲ. ನೋಡು ಅಂದಾಗ ನೋಡಲಿಲ್ಲ, ಈಗ ಯಾವ ಮುಖ ಇಟ್ಕೊಂಡು ಕೇಳಲಿ.

ಇಲ್ಲಿ ಜೂನ್ ಅಂದರೆ ನಡುಚಳಿಗಾಲ. ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಬೆಳ್ಳಗೆ ಹಿಮ ಕೂತಿತ್ತು. ಗುಡ್ಡದ ಮೇಲೂ ಬಿದ್ದಿರುತ್ತೆ. ಅವಳು ಅದರಡಿ, ನಾನು ಇಲ್ಲಿ ಇಪ್ಪತ್ತೆರಡು ಡಿಗ್ರಿಯಲ್ಲಿ ಕಂಬಳಿ ಹೊದ್ದು. ಸುಮುಖ ಕೆಲಸಕ್ಕೆ ಹೋದ ಮೇಲೆ ಹಾಲ್‌ನ ಗೋಡೆಯಲ್ಲಿರೋ ಬಿಸಿ ಹೊಂದಿಸೋ ಗುಂಡಿ ತಿರುಗಿಸಿ ಹದಿನಾಲ್ಕಕ್ಕೆ ಇಟ್ಟೆ. ಚಳಿ ಬರಲಿ ಅಂತ ಕಾದೆ. ಅಮ್ಮ ಬಂದು ನೋಡಿ ಮತ್ತೆ ಇಪ್ಪತ್ತೆರಡಕ್ಕೆ ತಂದಳು. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಜೂನ್ 14, ಶನಿವಾರ

ಅಮ್ಮನ ಎಣ್ಣೆನೀರು ನಡೀತಿದೆ. ಇಲ್ಲಿ ಬಚ್ಚಲು ಅಂದರೆ ಗಾಜಿನ ಗೂಡು. ಅದರೊಳಗೆ ಪ್ಲಾಸ್ಟಿಕ್ ಸ್ಟೂಲ್ ಹಾಕಿ ನನ್ನನ್ನ ಕೂರಿಸಿ, ಬಕೆಟ್ಟಿನಲ್ಲಿ ಸುಡುಸುಡು ನೀರು ಹಿಡಿದು ಚೊಂಬಿನಿಂದ ಬೆನ್ನಿಗೆ, ಸೊಂಟಕ್ಕೆ ಬೀಸಿ ಬೀಸಿ ಹುಯ್ತಾಳೆ. ಟ್ಯಾಂಕಿನ ಬಿಸಿನೀರು ಮುಗಿಯೋ ತನಕ ಬಿಡಲ್ಲ. ಕೈ ಎತ್ತು ಅಂತಾಳೆ, ಎತ್ತುತೀನಿ. ಆಮೇಲೆ ಹೊಟ್ಟೆಗೆ ಸೀರೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ತಲೆಗೆ ಮಫ್ಲರ್ ಸುತ್ತಿ ಮಲಗಿಸ್ತಾಳೆ. ಕನ್ನಡಿಯಲ್ಲಿ ನೋಡ್ಕೊಂಡೆ. ಯಾರು ನೋಡಿದರೂ ಬಾಣಂತಿ ಅನ್ನಬೇಕು. ಮಗು ಎಲ್ಲೋ ಪಕ್ಕದ ಕೋಣೆಯಲ್ಲಿದೆ ಅನ್ನಬೇಕು.

ಪಕ್ಕದ ಕೋಣೆ ಇದೆ. ಅಲ್ಲಿ ಎಲ್ಲಕ್ಕಿಂತ ದೊಡ್ಡ ರೇಡಿಯೇಟರ್ ಹಾಕಿಸಿದ್ದಾನೆ ಸುಮುಖ. ಅದನ್ನ ಇನ್ನೂ ಆರಿಸಿಲ್ಲ. ದಿನಾ ಖಾಲಿ ಕೋಣೆ ಬೆಚ್ಚಗಾಗ್ತಿದೆ.

ಹಾಲು ನಿಂತಿಲ್ಲ. ಎಲೆಕೋಸಿನ ಎಲೆ ಇಟ್ಕೋ, ಇಂಗುತ್ತೆ ಅಂದಳು ಜೋನ್. ಮಲ್ಲಿಗೆ ಹೂ ಕಟ್ಟಬೇಕು ಅಂದಳು ಅಮ್ಮ. ಈ ಚಳಿಯಲ್ಲಿ ನೆಲ್ಸನ್ನಿಗೆ ಮಲ್ಲಿಗೆ ಎಲ್ಲಿಂದ ಬರಬೇಕು. ಸುಮುಖ ಎರಡು ಕೋಸು ತಂದ. ಒಂದರ ಎಲೆ ಬಿಡಿಸಿ ಎದೆಗೆ ಇಟ್ಕೊಂಡೆ, ಇನ್ನೊಂದನ್ನ ಅಮ್ಮ ಹೆಚ್ಚಿ ಪಲ್ಯ ಮಾಡಿದಳು. ಊಟಕ್ಕೆ ಕೂತ ಮೇಲೆ ಮೂವರಿಗೂ ಒಟ್ಟಿಗೇ ಅದು ಹೊಳೀತು ಅಂತ ಕಾಣುತ್ತೆ. ಯಾರೂ ಪಲ್ಯ ಮುಟ್ಟಲಿಲ್ಲ.

ಜೂನ್ 18, ಬುಧವಾರ

ಬಾಣಂತಿಗೆ ಗಾಳಿ ತಾಗಬಾರದು. ಇದು ಅಮ್ಮನ ಈಗಿನ ಮಂತ್ರ. ಬೆಳಿಗ್ಗೆಯಿಂದ ಮನೆಯೆಲ್ಲ ಸುತ್ತಿ, ಎಲ್ಲೆಲ್ಲಿ ಸಂದಿ ಇದೆ ಅಂತ ಅಂಗೈ ಹಿಡಿದು ನೋಡಿ ನೋಡಿ ಮುಚ್ತಿದ್ದಾಳೆ. ಮುಚ್ಚೋದಕ್ಕೆ ಅವಳಿಗೆ ಸಿಕ್ಕಿದ್ದು ಆ ಗಂಟಿನ ಬಟ್ಟೆ. ಕಿಟಕಿ ಚೌಕಟ್ಟಿಗೆ ಒಂದು, ಬಾಗಿಲಡಿಗೆ ಒಂದು.

ಲಾಂಡ್ರಿ ಕೋಣೆಯಲ್ಲಿ ಗೊಣಗಾಟ ಕೇಳಿ ಹೋಗಿ ನೋಡಿದೆ. ವಾಷಿಂಗ್ ಮಷೀನಿನ ಪಕ್ಕ, ಗೋಡೆಯ ಬುಡದಲ್ಲಿ ತಟ್ಟೆಯಗಲದ ತೂತಿದೆ, ಅದಕ್ಕೊಂದು ಜಾಲರಿ. 'ಯಾವ ಪುಣ್ಯಾತ್ಮ ಕೊರೆದನೋ, ಆಚೆಯ ಚಳಿಯೆಲ್ಲ ಇಲ್ಲಿಂದಲೇ ಬರ್ತಿದೆ' ಅಂತ ತನ್ನಷ್ಟಕ್ಕೆ ಹೇಳ್ಕೊಂಡು, ಜಾಲರಿ ಕಿತ್ತು ಬಟ್ಟೆ ತುರುಕಿ, ಮುಂದೆ ಒಗೆಯೋ ಬಟ್ಟೆ ಬುಟ್ಟಿ ಸರಿಸಿಟ್ಟಳು. ತುರುಕಿದ್ದು ಅವಳ ನೀಲಿ ಹೂವಿನ ವಾಯಿಲ್ ಸೀರೆ. ಚಿಕ್ಕವಳಿದ್ದಾಗ ಅದರ ಸೆರಗಿಗೇ ನಾನು ಮೂಗು ಒರೆಸಿಕೊಳ್ತಿದ್ದದ್ದು. ನನ್ನ ಮಗಳ ಮೈಗೆ ಸುತ್ತಬೇಕಾದದ್ದು ಈಗ ಗೋಡೆ ತೂತಿಗೆ.

ಕೋಣೆಗೆ ಬಂದು ಬಾಗಿಲು ಹಾಕ್ಕೊಂಡೆ. ಅಮ್ಮನಿಗೆ ಕರುಳು ಅನ್ನೋದು ಇದೆಯೋ ಇಲ್ಲವೋ.

ಜೂನ್ 20, ಶುಕ್ರವಾರ

ಬೆಳಿಗ್ಗೆ ಬಾಯ್ಲರ್ ನಿಂತುಹೋಗಿತ್ತು. ಸುಮುಖ ಹಚ್ಚಿ ಹೋದ. ಮಧ್ಯಾಹ್ನ ಮತ್ತೆ ನಿಂತಿತು. ನನಗೆ ಸಂತೋಷವೇ ಆಯ್ತು.

ಜೂನ್ 23, ಸೋಮವಾರ

ಉರಿಯುತ್ತೆ, ನಿಲ್ಲುತ್ತೆ, ಉರಿಯುತ್ತೆ, ನಿಲ್ಲುತ್ತೆ. ಬೂದಿ ತಟ್ಟೆ ತೆಗೆದರೆ ಬೂದಿ ಇಲ್ಲ, ಕರ್ರಗೆ ಅರೆಬೆಂದ ಪೆಲೆಟ್. ಚೀಲಕ್ಕೆ ತೇವ ಹೊಡೆದಿದೆ ಅಂತ ಸುಮುಖ ಹೊಸ ಚೀಲ ತಂದು ಸುರಿದ. ಅದೂ ಹಾಗೇ. ನಿನ್ನೆ ಭಾನುವಾರ ಪೂರ್ತಿ ಅದರ ಹೊಟ್ಟೆ ಬಿಚ್ಚಿ ಮಸಿ ಕೆರೆದ. ಹಾಕಿಕೊಟ್ಟವನಿಗೆ ಫೋನ್ ಮಾಡಿದರೆ ಅವನು ಬೇರೆ ಊರಲ್ಲಿ ಕೆಲಸದ ಮೇಲಿದ್ದಾನೆ, ಮುಂದಿನ ವಾರ ಬರ್ತಾನಂತೆ. ಗಾಳಿ ಹೋಗೋ ದಾರಿ ಸರಿಯಿದೆಯಾ ನೋಡು ಅಂದನಂತೆ. ಸುಮುಖ ಬಾಯ್ಲರಿನ ಹಿಂದಿನ ಕೊಳವೆಯೊಳಗೆ ಟಾರ್ಚ್ ಬಿಟ್ಟು ನೋಡಿ, ಸರಿಯಿದೆ ಅಂದ.

ಸಂಜೆ ಲಾಂಡ್ರಿ ಕಡೆಯಿಂದ ಏನೋ ಸದ್ದು. ಮೊದಲು ಬಾಯ್ಲರ್ ಅಂದುಕೊಂಡೆ. ಸುಮುಖ ಅಳ್ತಿದ್ದ. 'ಇದೊಂದನ್ನಾದರೂ ಸರಿಯಾಗಿ ನಡೆಸೋಕಾಗಲ್ವಲ್ಲ ನನ್ನ ಕೈಲಿ' ಅಂತ ಅಮ್ಮನ ಹತ್ತಿರ ಹೇಳ್ತಿದ್ದ. ಮಗು ಹೋದ ದಿನದಿಂದ ಅವನು ಅತ್ತದ್ದು ನಾನು ಕೇಳಿದ್ದು ಅದೇ ಮೊದಲು. ಅಮ್ಮ 'ಆಗುತ್ತೆ ಬಿಡಿ, ನೀವು ಎದ್ದೇಳಿ, ಕೈ ತೊಳ್ಕೊಳ್ಳಿ' ಅಂತಿದ್ದಳು. ಎದ್ದು ಹೋಗಬೇಕಿತ್ತು ನಾನು. ಹೋಗಲಿಲ್ಲ.

ಜೂನ್ 25, ಬುಧವಾರ

ಮನೆ ತಣ್ಣಗಿದೆ. ಕಿಟಕಿ ಗಾಜಿನೊಳಗೆಲ್ಲ ನೀರು ಇಳೀತಿದೆ. ಈಗ ಮನೆಗೂ ನನಗೂ ಸರಿಹೋಯ್ತು.

ಅಮ್ಮ ಬಿಡೋ ಹೆಂಗಸಲ್ಲ. ಅಡುಗೆಮನೆಯಲ್ಲಿ ಇರೋ ಪಾತ್ರೆಗಳಲ್ಲೆಲ್ಲ ನೀರು ಕಾಯಿಸಿ ಹೊತ್ತು ತಂದು ಎರೆದಳು. ಆಮೇಲೆ ಹೋಗಿ ಲಾಂಡ್ರಿಯಲ್ಲಿ ಸ್ಟೂಲ್ ಹಾಕ್ಕೊಂಡು ಬಾಯ್ಲರ್ ಮುಂದೆ ಕೂರ್ತಾಳೆ. ಕೆಂಪು ದೀಪ ಬಂದ ಕೂಡಲೇ ಗುಂಡಿ ಒತ್ತುತಾಳೆ, ಅದು ಇನ್ನೊಂದಿಷ್ಟು ಹೊತ್ತು ಹೊಗೆಯಾಡುತ್ತೆ. ದಿನವೆಲ್ಲ ಅದೇ ಕೆಲಸ. ನನ್ನ ರೇಡಿಯೇಟರ್ ಉಗುರುಬೆಚ್ಚಗಾದರೂ ಇರಲಿ ಅಂತ. ಒಳಗಿನ ಬಿಸಿ ಹೋಗಬಾರದು ಅಂತ ಬಾಗಿಲು ಬೇರೆ ಹಾಕ್ಕೋತಾಳೆ.

ತಲೆ ಭಾರ, ಹೊಟ್ಟೆ ತೊಳಸುತ್ತೆ ಅಂತ ಸುಮುಖನ ಹತ್ತಿರ ಹೇಳ್ತಿದ್ದಳು. ಚಳಿ ಅಭ್ಯಾಸ ಇಲ್ಲ ಅತ್ತೆ ನಿಮಗೆ ಅಂತ ಅವನು ಮಾತ್ರೆ ಕೊಟ್ಟ. ನಾನು ಕೇಳಿಸಿಕೊಂಡೂ ಸುಮ್ಮನಿದ್ದೆ. ತಲೆ ಅವಳದ್ದು, ನೋವು ಅವಳದ್ದು.

ಜೂನ್ 26, ಗುರುವಾರ

ಇವತ್ತು ಗಂಜಿ ತಂದಿಟ್ಟು, ನನ್ನ ಕಾಲ ಹತ್ತಿರ ಕೂತು, 'ಒಂದು ಮಾತಾಡೇ ಚಂದ್ರೀ. ಬೈದಾದರೂ ಬೈಯಿ' ಅಂದಳು.

'ಅವಳ ಮುಖ ತೋರಿಸು, ಆಮೇಲೆ ಮಾತಾಡ್ತೀನಿ' ಅಂದೆ.

ಅಮ್ಮ ಬಂದ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು. ಅವಳು ಬಟ್ಟಲು ಎತ್ಕೊಂಡು ಹೋದಳು. ಲಾಂಡ್ರಿ ಬಾಗಿಲು ಹಾಕ್ಕೊಂಡ ಸದ್ದು ಕೇಳಿಸ್ತು. ಹೇಳಿದ್ದು ಸರಿ ಅಂತಲೇ ಈಗಲೂ ಅನ್ನಿಸುತ್ತೆ. ಆದರೂ ಗಂಜಿ ಕುಡಿದ ಮೇಲೆ ಹೇಳಬಹುದಿತ್ತು, ನಾನು ಉಂಡ ಮೇಲೇ ಅವಳು ಉಣ್ಣೋದು, ಅವಳಿಗೂ ಹಸಿವಾಗಿತ್ತೋ ಏನೋ.

ಜೂನ್ 29, ಭಾನುವಾರ

ಎಲ್ಲಿಂದ ಶುರು ಮಾಡಲಿ.

ಶುಕ್ರವಾರ ಸ್ನಾನದ ಹೊತ್ತು ಮೀರಿದರೂ ಅಮ್ಮ ಕರೀಲಿಲ್ಲ. ಸಿಟ್ಟು ಬಂದಿರಬೇಕು, ಬರಲಿ ಅಂತ ಮಲಗಿದ್ದೆ. ಮಧ್ಯಾಹ್ನಕ್ಕೆ ಹಸಿವಾಯ್ತು. ಅಮ್ಮನ ಯೋಚನೆಯಾಗಿ ಅಲ್ಲ, ಹಸಿವಾಗಿ ಎದ್ದೆ. ಅಡುಗೆಮನೆಯಲ್ಲಿ ಏನೂ ಆಗಿರಲಿಲ್ಲ. ಲಾಂಡ್ರಿ ಬಾಗಿಲು ತಳ್ಳಿದರೆ ಒಳಗಿಂದ ಕೆಳಗಿನ ಸಂದಿಗೆ ಬಟ್ಟೆ ತುರುಕಿತ್ತು, ಬರಲಿಲ್ಲ. ಅಮ್ಮ ಅಂದೆ. ಇನ್ನೊಂದು ಸಲ ಜೋರಾಗಿ ಅಂದೆ. ಆಮೇಲೆ ಭುಜ ಕೊಟ್ಟು ತಳ್ಳಿದೆ.

ಸ್ಟೂಲಿನಿಂದ ಜಾರಿ ವಾಷಿಂಗ್ ಮಷೀನಿಗೆ ಒರಗಿ ಬಿದ್ದಿದ್ದಳು. ಸೀರೆ ಮೇಲೆಲ್ಲ ವಾಂತಿ. ಕಣ್ಣು ಅರ್ಧ ತೆರೆದಿತ್ತು, ನನ್ನನ್ನ ನೋಡ್ತಿರಲಿಲ್ಲ. ಹೊಗೆ ಅನ್ನೋ ಹಾಗೂ ಇಲ್ಲ, ಏನೋ ಕಮಟು ವಾಸನೆ. ನನಗೂ ತಲೆ ಗಿಮ್ಮಂತು. ಬಾಯ್ಲರಿನ ಸ್ವಿಚ್ ಆರಿಸೋಕೆ ಬಗ್ಗಿದಾಗ ಬುಟ್ಟಿಯ ಹಿಂದೆ ನೀಲಿ ಹೂವಿನ ಬಟ್ಟೆ ಕಾಣ್ತು. ಆಗ ತಿಳೀತು. ಒಲೆಗೆ ಗಾಳಿ ಬರ್ತಿದ್ದದ್ದು ಆ ತೂತಿನಿಂದ. ಅದು ಮುಚ್ಚಿದ ದಿನದಿಂದ ಬೆಂಕಿ ಒಳಗೇ ಉಸಿರು ಕಟ್ಟಿ ವಿಷ ಕಾರಿದೆ. ಬಚ್ಚಲ ಒಲೆ ಊದಿ ಊದಿ ಬೆಳೆದವಳು ಅಮ್ಮ. ಒಲೆಗೆ ಗಾಳಿ ಬೇಕು ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಂಕಿ ಕಣ್ಣಿಗೆ ಕಂಡಿದ್ದರೆ ಅವಳು ಖಂಡಿತ ಮುಚ್ತಿರಲಿಲ್ಲ. ಅವಳು ಮುಚ್ಚಿದ್ದನ್ನ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಬಟ್ಟೆ ನೋಡಿದೆ, ತೂತು ನೋಡಲಿಲ್ಲ.

ಕಂಕುಳಿಗೆ ಕೈ ಕೊಟ್ಟು ಎಳಕೊಂಡು ಬಂದೆ. ಹಿಂಬಾಗಿಲಿನಿಂದ ಹುಲ್ಲಿನ ಮೇಲೆ ಹಾಕಿದೆ. ಹೊಟ್ಟೆಗೆ ಕಟ್ಟಿದ್ದ ಸೀರೆ ಬಿಚ್ಚಿ ಕಾಲಿಗೆ ತೊಡರಿತು, ಅದನ್ನೇ ಅವಳ ತಲೆಯಡಿ ಇಟ್ಟೆ. ಆಂಬುಲೆನ್ಸಿನವಳು ಫೋನಿನಲ್ಲಿ ಉಸಿರಾಡ್ತಿದ್ದಾರಾ, ಉಸಿರಾಡ್ತಿದ್ದಾರಾ ಅಂತ ಕೇಳ್ತಾನೇ ಇದ್ದಳು. ನಾನು ಅಮ್ಮನ ಮೂಗಿನ ಹತ್ತಿರ ಕೆನ್ನೆ ಇಟ್ಕೊಂಡು, ಹೂಂ, ಹೂಂ ಅಂತಿದ್ದೆ. ದೇವರೇ ಇವಳನ್ನಾದರೂ ಬಿಡು ಅಂದೆ. ಯಾವ ದೇವರಿಗೆ ಅಂದೆನೋ.

ಅದೇ ಆಸ್ಪತ್ರೆ, ಅದೇ ಉದ್ದ ಕಾರಿಡಾರ್. ಇನ್ನು ಸತ್ತರೂ ಅಲ್ಲಿ ಕಾಲಿಡಲ್ಲ ಅಂದುಕೊಂಡಿದ್ದೆ. ಅಮ್ಮನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದರು. ಸುಮುಖ ಕೆಲಸದ ಬಟ್ಟೆಯಲ್ಲೇ ಓಡಿ ಬಂದ. ಸಂಜೆ ಹೊತ್ತಿಗೆ ಅಮ್ಮ ಕಣ್ಣು ಬಿಟ್ಟಳು. ಆದರೆ ಎಲ್ಲಿದ್ದೀನಿ ಅನ್ನೋ ಪರಿವೆ ಇರಲಿಲ್ಲ. ಮಾಸ್ಕ್ ಸರಿಸಿ, ತೀರ ಮಾಮೂಲಿನ ದನಿಯಲ್ಲಿ, 'ಚಂದ್ರೀ, ಮಗು ಮಲಗ್ತಾ?' ಅಂದಳು.

ಒಂದು ತಿಂಗಳಿಂದ ನನ್ನ ಮುಂದೆ ಯಾರೂ ಮಗು ಅನ್ನೋ ಮಾತೇ ಆಡಿರಲಿಲ್ಲ.

'ಮಲಗಿದೆ ಅಮ್ಮ.'

'ಹೊಟ್ಟೆ ತುಂಬ ಕುಡೀತಾ?'

'ಕುಡೀತು.'

'ಯಾರ ಹಾಗಿದೆಯೇ? ನೀನು ಹೇಳಲೇ ಇಲ್ಲ ನನಗೆ.'

ಸುಳ್ಳು ಅಲ್ಲಿಗೆ ಮುಗೀತು. ನಾನು ಸುಮುಖನ ಕಡೆ ತಿರುಗಿದೆ. 'ಹೇಳೋ. ಯಾರ ಹಾಗಿದ್ದಳು ಹೇಳು' ಅಂದೆ.

ಅವನು ನನ್ನ ಮುಖ ನೋಡಿದ. ಆಮೇಲೆ ಮಂಚದ ಪಕ್ಕ ಮೊಣಕಾಲೂರಿ, ನನಗಲ್ಲ, ಅಮ್ಮನಿಗೆ ಹೇಳಿದ. 'ಕೂದಲು ತುಂಬ ಇತ್ತು ಅತ್ತೆ, ಕರ್ರಗೆ. ಕಿವಿ ಮೇಲೆಲ್ಲ ಬಂದಿತ್ತು. ಹಣೆ ಇವಳದ್ದು. ಬೆರಳು ನನ್ನವು, ಉದ್ದ. ಗಲ್ಲ ಮಾತ್ರ ನಿಮ್ಮದೇ. ನಡುವೆ ಇಲ್ಲಿ ಸಣ್ಣ ಗುಳಿ.' ತೋರುಬೆರಳಿನಿಂದ ಅಮ್ಮನ ಗಲ್ಲ ಮುಟ್ಟಿ ತೋರಿಸಿದ. ನಮ್ಮಲ್ಲಿ ಅಳಿಯ ಅತ್ತೆಯನ್ನ ಹಾಗೆ ಮುಟ್ಟೋದಿಲ್ಲ. ಅಮ್ಮ ನಕ್ಕಳು. 'ನಮ್ಮ ತಾಯಿ ಮನೆ ಗಲ್ಲ ಅದು' ಅಂದು ಕಣ್ಣು ಮುಚ್ಚಿದಳು.

ಇಷ್ಟನ್ನೂ ಅವನು ಒಬ್ಬನೇ ಇಟ್ಕೊಂಡಿದ್ದ. ನಾನು ಕೇಳಲಿ ಅಂತ ಕಾಯ್ತಿದ್ದನಂತೆ. ನನಗೆ ಅಳು ಬಂತು. ನಿಲ್ಲಲಿಲ್ಲ. ಇವತ್ತೂ ನಿಂತಿಲ್ಲ, ಆದರೆ ಈಗ ಯಾರಿಗೆ ಅಳ್ತಿದ್ದೀನಿ ಅಂತ ಗೊತ್ತಿದೆ. ಕರ್ರನೆಯ ಕೂದಲಿನವಳಿಗೆ.

ಜುಲೈ 2, ಬುಧವಾರ

ಅಮ್ಮನನ್ನ ಮನೆಗೆ ಕಳಿಸಿದರು. ಎದ್ದರೆ ತಲೆ ತಿರುಗುತ್ತೆ, ಆದರೆ ಬುದ್ಧಿ ನೆಟ್ಟಗಿದೆ. ಆಸ್ಪತ್ರೆಯಲ್ಲಿ ಏನು ಕೇಳಿದೆ ಅನ್ನೋದು ಒಂದಿಷ್ಟೂ ನೆನಪಿಲ್ಲ. 'ನಿಮ್ಮ ಒಲೆ ಕೆಡಿಸಿಬಿಟ್ಟೆನಲ್ಲಪ್ಪ' ಅಂತ ಸುಮುಖನ ಮುಂದೆ ನಾಚಿಕೊಂಡಳು. ಒಲೆ ಹಾಳಾಗಿ ಹೋಗಲಿ ಅತ್ತೆ ಅಂದ ಅವನು. ವಿಷಗಾಳಿ ಬಂದರೆ ಕೂಗೋ ಡಬ್ಬಿ ತಂದು ಗೋಡೆಗೆ ಹೊಡೆದಿದ್ದಾನೆ. ಬಾಯ್ಲರ್ ಹಾಕಿಕೊಟ್ಟವನೂ ಬಂದು ಪೂರ್ತಿ ಬಿಚ್ಚಿ ತೊಳೆದು ಹೋದ.

ಸುಮುಖ ಕೆಲಸಕ್ಕೆ ಹೋದ ಮೇಲೆ ಬೂದಿ ತೆಗೆದೆ. ಒಂದು ಚೀಲ ಸುರಿದೆ. ತೂತಿನ ಮುಂದೆ ಅಂಗೈ ಹಿಡಿದೆ, ತಣ್ಣನೆ ಗಾಳಿ ಬರ್ತಿತ್ತು. ಅಮ್ಮನಿಗೆ ಚಳಿಗೆ ಕಾಲು ಸೆಟೆದಿತ್ತು, ಹಾಲ್‌ನ ಗುಂಡಿ ಇಪ್ಪತ್ತಮೂರಕ್ಕೆ ಇಟ್ಟೆ. ಅನ್ನ ತಿಳಿಸಾರು ಮಾಡಿದೆ. ಬೇರೆ ವಿಶೇಷ ಇಲ್ಲ.

ಸಂಜೆ ಜೋನ್ ಬಂದಿದ್ದಳು. ಹೇಗಿದ್ದೀಯಾ ಅಂದಳು. ಹಾಗೇ ಇದ್ದೀನಿ ಅಂದೆ.

ಜುಲೈ 6, ಭಾನುವಾರ

ಆಸ್ಪತ್ರೆಯ ವಾಸನೆ ಮೈಯಿಂದ ಹೋಗಿಲ್ಲ ಅಂತ ಅಮ್ಮ ಒದ್ದಾಡ್ತಿದ್ದಳು. ನಾನು ನೀರು ಹುಯ್ತೀನಿ ಬಾ ಅಂದೆ. 'ಬಾಣಂತಿ ಕೈಲಿ ನೀರು ಹುಯ್ಯಿಸ್ಕೋತಾರೇನೇ, ಪಾಪ ಬರುತ್ತೆ' ಅಂದಳು. ಬಂದರೆ ಬರಲಿ ಅಂತ ಕೈ ಹಿಡಿದು ಕರಕೊಂಡು ಹೋಗಿ ಸ್ಟೂಲಿನ ಮೇಲೆ ಕೂರಿಸಿದೆ. ಲಂಗ ಎದೆಗೆ ಕಟ್ಟಿಕೊಂಡು ಕೂತಳು. ಅವಳ ಬೆನ್ನು ಇಷ್ಟು ಸಣ್ಣದು ಅಂತ ನನಗೆ ಗೊತ್ತಿರಲಿಲ್ಲ.

ಹುಯ್ತಾ ಇದ್ದೆ. 'ಎಲ್ಲ ಮರೆತುಬಿಡು ಚಂದ್ರೀ. ಇನ್ನೂ ವಯಸ್ಸಿದೆ ನಿನಗೆ' ಅಂದಳು. ಪರಿವೆ ಇಲ್ಲದಾಗ ಮಗುವಿನ ಬಗ್ಗೆ ಕೇಳಿದ ಅಮ್ಮ ಹೋದಳು, ಇವಳು ಮತ್ತೆ ಆ ಫೋನಿನ ಅಮ್ಮ. ಮೊದಲಾಗಿದ್ದರೆ ಚೊಂಬು ಬಿಸಾಕಿ ಎದ್ದು ಹೋಗ್ತಿದ್ದೆ.

'ಅವಳ ಗಲ್ಲ ನಿನ್ನ ಥರಾನೇ ಇತ್ತಂತೆ ಅಮ್ಮ. ನಡುವೆ ಗುಳಿ ಇತ್ತಂತೆ' ಅಂದೆ.

ಅಮ್ಮನ ಕೂದಲಿಂದ ನೀರು ಇಳೀತಾ ಇತ್ತು. ಒದ್ದೆ ಕೈ ಎತ್ತಿ ತನ್ನ ಗಲ್ಲ ಮುಟ್ಕೊಂಡಳು. ಬೆರಳಿನಿಂದ ಆ ಗುಳಿ ಹುಡುಕಿದಳು, ಮೊದಲ ಸಲ ಮುಟ್ಕೊಳ್ಳೋ ಹಾಗೆ. ಅಲ್ಲೇ ಬೆರಳಿಟ್ಟು ತುಂಬ ಹೊತ್ತು ಕೂತಿದ್ದಳು. ಬೆನ್ನು ಅಲುಗ್ತಿತ್ತು.

'ನೋಡು ಅಂತ ಹೇಳಬೇಕಿತ್ತು ಕಣೇ ನಾನು' ಅಂದಳು.

'ಹೌದಮ್ಮ, ಹೇಳಬೇಕಿತ್ತು' ಅಂದೆ.

ಅವಳಿಗೆ ಚಳಿಯಾಗ್ತಿತ್ತು. ಮತ್ತೆ ನೀರು ಹುಯ್ದೆ.